ಇಲಿಯಾಸಗ, ಹೌದಿನ ಕೀಲಿ ಕೊಡುವಾಗ

ತಗೋ ಕೀಲಿ. ಎರಡು ಸರ್ತಿ ತಿರುವಬೇಕು,
ಒಂದು ಸರ್ತಿಗಿ ಗೇಟು ಬರೇ ನಡಗ್ತದ.
ಈ ಕಲ್ಲಿನ ಹೊಂಡಕ್ಕ ಹಿಂದಿನ ಮಂದಿ ಹೌದ ಅಂತಿದ್ರು.
ನೀರಿದ್ದರ ಹೌದು.
ಮೇ ತಿಂಗಳದಾಗ ಕೆಲವು ಸಲ ಅಲ್ಲ.

ಇಪ್ಪತ್ತಮೂರು ಟಬ್ಬು, ಇಪ್ಪತ್ತೆರಡು ಚೀಟಿ.
ಬಿಳಿ ನೈದಿಲಿ, ಕೆಂಪು, ನೀಲಿ, ಮೂಲ್ಯಾಗ ಒಂದು ಹಳದಿ,
ಅದು ಸಿಟ್ಟಿಂದು, ಜಾಗ ಬದಲಿಸಿದರ ಒಂದು ತಿಂಗಳು ಮಾತಾಡಂಗಿಲ್ಲ.
ಚೀಟಿ ಮ್ಯಾಲಿನ ಅಕ್ಷರ ನನಗ ಬರಂಗಿಲ್ಲ.
ಎಲಿ ಮಗಚಿ, ಹೊಟ್ಟಿ ಬಣ್ಣ ನೋಡಿ
ಯಾರ ಮನಿದು ಅಂತ ಹೇಳ್ತೀನಿ.

ಶಿವರಾತ್ರಿ ದಾಟಿ ಥಂಡಿ ಹೋಯ್ತು ಅಂದ್ರ ಕೆಲಸ ಶುರು.
ಟಬ್ಬು ಎತ್ತಲಿಕ್ಕ ಇಬ್ಬರು ಬೇಕು.
ಒಬ್ಬನೇ ಎತ್ತಬ್ಯಾಡ, ನನ್ನ ನಡ ಸಾಕ್ಷಿ.
ಹಳೇ ಬೇರು ಹಸಿ ಹಗ್ಗದಂಗ ಕರ್ರಗಿರ್ತದ, ಕೊಯ್ದು ಒಗಿ.
ಗಡ್ಡಿ ಒತ್ತಿ ನೋಡು:
ಗಟ್ಟಿ ಇದ್ದರ ಜೀವ ಅದ,
ಮೆತ್ತಗಾಗಿ ನಾತ ಹೊಡದರ ಮುಗೀತು.
ಮಣ್ಣು ಭೀಮಾ ದಂಡಿದು ತರಸು, ಕರಿ ಎರಿ,
ಅಂಗಡಿ ಚೀಲದ್ದು ಬ್ಯಾಡ, ತೇಲ್ತದ.
ಗೊಬ್ಬರ ಹಳೇ ಪೇಪರದಾಗ ಪೊಟ್ಟಣ ಕಟ್ಟಿ
ಬೆರಳು ಮುಳುಗುವ ತನಕ ಒಳಗ ತುರುಕು.
ಮ್ಯಾಲ ಸಣ್ಣ ಹರಳು ಹಾಸು,
ಇಲ್ಲಾಂದ್ರ ಮೀನು ಕೆದರಿ ಕೆದರಿ
ಹೌದೆಲ್ಲ ಚಹಾ ಮಾಡ್ತಾವ.

ಬ್ಯಾಸಗಿ ಮಾತು ಬ್ಯಾರೆ.
ಯಾದಗಿರಿ ಗುಡ್ಡ ಹಗಲೆಲ್ಲ ಕಾದು
ರಾತ್ರಿ ಊರ ಮ್ಯಾಲ ಉಸುರು ಬಿಡ್ತದ.
ವಾರಕ್ಕ ನಾಕು ಬೆರಳು ನೀರು ಸೂರ್ಯನೇ ಕುಡಿತಾನ.
ಟ್ಯಾಂಕರ ಬಂದ ಕೂಡಲೆ ಹೌದಿಗಿ ಪೈಪು ಬಿಡಬ್ಯಾಡ,
ಔಷಧಿ ವಾಸನಿ ಹೋಗಲಿ, ಒಂದು ರಾತ್ರಿ ಸಿಮೆಂಟ್ ಟಾಕಿಯಾಗ ನಿಲ್ಲಸು.
ಡ್ರೈವರ ಒದರ್ತಾನ. ಒದರಲಿ.
ಬಿಸಲೇರಿದರ ಹತ್ತಕ್ಕೇ ಹೂವು ಬಾಯಿ ಮುಚ್ಚತಾವ,
ಹನ್ನೊಂದಕ್ಕ ಸಾಹೇಬರು ಬಂದು
ಹೂವೆಲ್ಲಿ ಅಂತಾರ.
ಉತ್ತರ ನಾಲಿಗಿ ತುದಿಗಿ ಬರ್ತದ.
ನಾನು ಅನ್ನಲಿಲ್ಲ, ನೀನೂ ಅನ್ನಬ್ಯಾಡ. ಪಗಾರ ಅದ.

ಕೆಂಪಿಂದು ಮಾತ್ರ ರಾತ್ರಿಪಾಳಿ.
ನೀನು ಗೇಟು ಹಾಕೋ ಹೊತ್ತಿಗಿ ಅದು ಡ್ಯೂಟಿಗಿ ಬರ್ತದ.

ಮಿರಗ ಕೂಡಿದ ಮ್ಯಾಲ ಕೈ ಕಟ್ಟಿ ಕೂಡೋದು ಕಲಿ.
ಹಳದ್ಯಾದ ಎಲಿ ಬುಡದಿಂದ ಕತ್ತರಿಸು, ಎಳಿಬ್ಯಾಡ.
ಕರಿ ಹೇನು ಹತ್ತಿದರ ಎಲಿ ನೀರಾಗ ಅದುಮು,
ಹೇನು ತೇಲಿ ಬಿಡ್ತಾವ, ಮೀನಿಗಿ ಹಬ್ಬ.
ಹುಡುಗರು ರೂಪಾಯಿ ಒಗೀತಾರ. ಆರಿಸಿ ಇಟ್ಟುಕೋ,
ಅದು ಯಾವ ಲೆಕ್ಕಕ್ಕೂ ಬರಂಗಿಲ್ಲ.

ಎಳ್ಳಮಾಸಿ ಹೊತ್ತಿಗಿ ನೀಲಿವು ಸತ್ತಂಗ ಕಾಣ್ತಾವ.
ಇಲ್ಲಿ ಕೇಳು, ನಿನ್ನ ಕೂಡಿಸಿಕೊಂಡಿದ್ದು ಇದಕ್ಕೇ.
ಮೊದಲ ವರ್ಷ ನಾನೂ ಸತ್ತದ ಅಂದುಕೊಂಡು
ಒಂದು ಟಬ್ಬು ಹಿಂದಿನ ಮೋರಿಗಿ ಬೋರಲ ಹಾಕಿದೆ.
ರಜಿಸ್ಟರದಾಗ ಹದಿನೇಳರ ಮ್ಯಾಲ ಗೆರಿ ಎಳಸಿದೆ.
ಭಾದ್ರಪದದಾಗ ಒಂದಿನ ಮೋರಿ ದಾಟಲಿಕ್ಕ
ಕಾಲು ಎತ್ತಿದಾಕಿ ಹಂಗೇ ನಿಂತೆ.
ಸಾಬೂನು ಬುರುಗಿನಾಗ, ಗುಟ್ಕಾ ಚೀಟಿ ನಡುವ
ನೀಲಿ.
ಸೀರಿ ಕಟ್ಟಿ ಬುಡಕ್ಕ ಕೈ ಹಾಕಿದೆ:
ಶೇಂಗಾಕಾಯಿಯಷ್ಟು ಗಡ್ಡಿ,
ಗಟ್ಟಿ.
ಸಾಬಮ್ಮಗ ಹುಚ್ಚು ಅಂತ ಮಂದಿ ಮೂಗು ಮುಚ್ಚಿಕೊಂಡು ನೋಡಿದ್ರು.

ಅದೇ ಈ ಹದಿನೇಳು, ಚೀಟಿ ಇಲ್ಲದ್ದು.
ಸಾಹೇಬರು ಪೆನ್ನು ತಗದು ಹೆಸರೇನು ಅಂದ್ರು.
ಮೋರಿ, ಅಂದೆ.
ನಕ್ಕರು. ಬರಿಲಿಲ್ಲ.

ನಾಳಿಂದ ನನ್ನ ಕಸದ ಗಾಡಿಗಿ ಹಾಕ್ಯಾರ,
ಸ್ಟೇಷನ್ ಕಡಿ ಓಣಿಗಳು, ಎಲ್ಲಾ ಮೋರಿ ದಂಡಿ ಕೆಲಸ.
ಕಣ್ಣು ಕೆಳಗಿಟ್ಟೇ ನಡಿತೀನಿ.
ಪುಷ್ಯದಾಗ ಯಾವ ಟಬ್ಬೂ ಖಾಲಿ ಅನಬ್ಯಾಡ,
ಒಳಗ ಕೈ ಹಾಕದ ಹೊರತು.
ಕತ್ತರಿ ಒರಸಿ ಇಡು,
ತುಕ್ಕು ಬಲ್ಲಂಗ ಹಿಡಿತದ.